ಜಾರದ ಬಣ್ಣ ಹುಡುಕುತ್ತಾ

ಕಳೆದ ನವೆಂಬರಿನ ಒಂದು ಶನಿವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಹಿತ್ತಿಲ ಬಾಗಿಲು ತೆಗೆದು ಹೊರಗೆ ಕಾಲಿಟ್ಟೆ. ಎರಡನೇ ಹೆಜ್ಜೆಗೆ ಆಕಾಶ ಕಾಣಿಸಿತು. ಕಾಫಿ ಒಂದು ಕಡೆ, ಫೋನು ಇನ್ನೊಂದು ಕಡೆ, ನಾನು ಬೆನ್ನ ಮೇಲೆ. ಅಡುಗೆಮನೆ ಕಿಟಕಿಯಿಂದ ನೋಡಿದ ಹೆಂಡತಿ ಮೊದಲು ನಕ್ಕಳು, ಆಮೇಲೆ ಓಡಿ ಬಂದಳು. ಈ ಕ್ರಮ ತಪ್ಪು ಅಂತ ನಾನು ಇವತ್ತಿಗೂ ವಾದ ಮಾಡ್ತೀನಿ.

ನನಗೇನೂ ಆಗಲಿಲ್ಲ. ಮೂವತ್ತರ ಸೊಂಟ, ಎರಡು ದಿನ ಗೊಣಗಿ ಸುಮ್ಮನಾಯಿತು. ಆದರೆ ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ. ಮೇ ತಿಂಗಳಿಗೆ ಅಮ್ಮ ಬರುವವಳಿದ್ದಳು. ನಾನು ಬಿದ್ದ ಜಾಗದಲ್ಲೇ ಅಮ್ಮ ಕಾಲಿಡೋದು ಕಣ್ಣ ಮುಂದೆ ಬಂತು.

ನಾವಿರೋದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ, ಬಾಡಿಗೆ ಮನೆ. ಹಿತ್ತಿಲ ಬಾಗಿಲು ತೆಗೆದರೆ ಮರದ ಹಲಗೆ ಹಾಸಿದ ಜಗಲಿ, ಅದರಾಚೆ ಎರಡು ಮೆಟ್ಟಿಲು, ಆಮೇಲೆ ಹುಲ್ಲು. ಈ ಜಗಲಿಗೆ ಇಲ್ಲಿ ಡೆಕ್ಕಿಂಗ್ ಅಂತಾರೆ. ನಮ್ಮ ಸಾಗರದ ಕಡೆ ಅಡಿಕೆ ಒಣಗಿಸೋಕೆ ದಬ್ಬೆಯ ಅಟ್ಟ ಹಾಕ್ತಾರಲ್ಲ, ಅದರ ಗಿಡ್ಡ ತಮ್ಮ ಅಂದುಕೊಳ್ಳಿ. ಬಿಬಿಸಿಯಲ್ಲಿ 1997ರಿಂದ 2005ರವರೆಗೆ ‘ಗ್ರೌಂಡ್ ಫೋರ್ಸ್’ ಅನ್ನೋ ಕಾರ್ಯಕ್ರಮ ಬರುತ್ತಿತ್ತು. ಅಲನ್ ಟಿಚ್‌ಮಾರ್ಷ್ ಮತ್ತು ತಂಡ ಯಾರದೋ ಹಿತ್ತಿಲಿಗೆ ನುಗ್ಗಿ, ಮನೆಯವರು ವಾಪಸ್ ಬರುವಷ್ಟರಲ್ಲಿ ಅದನ್ನು ಹೊಸದು ಮಾಡಿಬಿಡುತ್ತಿದ್ದರು. ಡೆಕ್ಕಿಂಗ್ ಹುಚ್ಚು ಹಿಡಿಸಿದ್ದೇ ಆ ಕಾರ್ಯಕ್ರಮ ಅಂತ ಇಲ್ಲಿನವರು ಈಗಲೂ ಅದನ್ನೇ ದೂರುತ್ತಾರೆ. ಬಿಸಿಲಿನ ದೇಶದಲ್ಲಿ ಚೆನ್ನಾಗಿರುವ ವಸ್ತುವನ್ನು ಮಳೆಯ ದೇಶದ ಹಿತ್ತಿಲಿಗೆ ತಂದರೆ ಏನಾಗುತ್ತದೆ ಅನ್ನೋದಕ್ಕೆ ನನ್ನ ಬೆನ್ನೇ ಸಾಕ್ಷಿ.

ಅಮ್ಮನ ವಿಷಯ ಹೇಳದೆ ಬಣ್ಣದ ವಿಷಯ ಹೇಳೋಕಾಗಲ್ಲ.

ಊರಿನ ನಮ್ಮ ಅಂಗಳ ಮೊದಲು ಮಣ್ಣಿನದು. ಅಮ್ಮ ಸೆಗಣಿ ಹಾಕಿ ಸಾರಿಸುತ್ತಿದ್ದಳು. ಮಳೆಗಾಲಕ್ಕೆ ಮುಂಚೆ ಅಪ್ಪ ಅಂಗಳಕ್ಕೆಲ್ಲ ಅಡಿಕೆ ಸೋಗೆ ಹೊದಿಸಿ, ಓಡಾಡುವ ದಾರಿಗೆ ಒರಟು ಕಲ್ಲು ಚಪ್ಪಡಿ ಹಾಕುತ್ತಿದ್ದರು. ನನಗೆ ಕೆಲಸ ಸಿಕ್ಕ ನಾಲ್ಕನೇ ವರ್ಷ, ಅಮ್ಮನಿಗೆ ಸಾರಿಸೋ ಕಷ್ಟ ಯಾಕೆ ಅಂತ ದುಡ್ಡು ಕಳಿಸಿ ಟೈಲ್ಸ್ ಹಾಕಿಸಿದೆ. ಆರಿಸಿದ್ದೂ ನಾನೇ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಏಳು ಫೋಟೋ ನೋಡಿ. ಏಳರಲ್ಲಿ ಜಾಸ್ತಿ ಹೊಳೆಯುತ್ತಿದ್ದದ್ದು ಯಾವುದೋ ಅದನ್ನು. ಅದೇ ವರ್ಷ ಆಗಸ್ಟ್‌ನಲ್ಲಿ ಅಮ್ಮ ತುಳಸಿಕಟ್ಟೆಗೆ ಹೋಗುವಾಗ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು, ಪ್ಲೇಟು ಹಾಕಿದರು. ‘ಸೊಂಟ ಆಗಿದ್ರೆ ಏನ್ ಮಾಡ್ತಿದ್ವಿ? ಕೈ ತಾನೇ, ಬಿಡು’ ಅಂತ ಫೋನಿನಲ್ಲಿ ಅವಳೇ ನನ್ನನ್ನು ಸಮಾಧಾನ ಮಾಡಿದಳು. ಟೈಲ್ಸಿನ ಮಾತು ಆಮೇಲೆ ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಹಾಗಾಗಿ ಈ ಸಲ ಫೋಟೋ ನೋಡಿ ಏನನ್ನೂ ಆರಿಸಬಾರದು ಅಂತ ತೀರ್ಮಾನ ಮಾಡಿದೆ.

ಮಾರನೇ ದಿನವೇ ಅಂಗಡಿಗೆ ಹೋದೆ. ಒಂದು ಇಡೀ ಸಾಲು ಡೆಕ್ಕಿಂಗಿನ ಡಬ್ಬಗಳು. ಬಣ್ಣ, ಎಣ್ಣೆ, ಸ್ಟೇನ್. ಅರ್ಧಕ್ಕರ್ಧ ಡಬ್ಬದ ಮೇಲೆ ‘ಆ್ಯಂಟಿ-ಸ್ಲಿಪ್’ ಅಂತ ದೊಡ್ಡಕ್ಷರ. ಎಷ್ಟು ಜಾರಲ್ಲ ಅಂತ ಅಲ್ಲಿದ್ದ ಹುಡುಗನನ್ನು ಕೇಳಿದೆ. ಅವನು ಡಬ್ಬದ ಮೇಲಿದ್ದದ್ದನ್ನೇ ಗಟ್ಟಿಯಾಗಿ ಓದಿ ಹೇಳಿದ. ಹಿಂಬದಿ ಸಣ್ಣಕ್ಷರದಲ್ಲಿ ಇನ್ನೊಂದು ಮಾತಿತ್ತು: 10 ಡಿಗ್ರಿಗಿಂತ ತಂಪಿದ್ದರೆ ಹಚ್ಚಬೇಡಿ. ನವೆಂಬರ್ ಇಂಗ್ಲೆಂಡಿನಲ್ಲಿ ಅದು ಏಪ್ರಿಲ್‌ವರೆಗೆ ಕಾಯಿರಿ ಅಂದ ಹಾಗೆ. ಬರಿಗೈಲಿ ವಾಪಸ್ ಬಂದೆ. ಚಳಿಗಾಲವಿಡೀ ಓದೋಕೆ ಟೈಮ್ ಸಿಕ್ಕಿತು.

ಓದಿದ್ದರಲ್ಲಿ ನಿಮಗೂ ಉಪಯೋಗಕ್ಕೆ ಬರುವಂಥದ್ದು ಹೇಳ್ತೀನಿ.

ಒದ್ದೆ ನೆಲದ ಮೇಲೆ ಕಾಲಿಟ್ಟಾಗ ಪಾದಕ್ಕೂ ನೆಲಕ್ಕೂ ನಡುವೆ ನೀರಿನ ತೆಳು ಪದರ ಸಿಕ್ಕಿಹಾಕಿಕೊಳ್ಳುತ್ತದೆ. ಒಂದು ಕ್ಷಣ ನಾವು ನೆಲದ ಮೇಲಲ್ಲ, ನೀರಿನ ಮೇಲೆ ನಿಂತಿರುತ್ತೇವೆ. ಆ ಪದರವನ್ನು ಚುಚ್ಚಿ ಮೇಲೆ ಬರುವಷ್ಟು ಏರುತಗ್ಗು ನೆಲಕ್ಕಿದ್ದರೆ ಕಾಲು ಹಿಡಿಯುತ್ತದೆ. ಬ್ರಿಟನ್ನಿನ ಹೆಲ್ತ್ ಅಂಡ್ ಸೇಫ್ಟಿ ಎಕ್ಸಿಕ್ಯುಟಿವ್ ಪ್ರಕಾರ ಬರೀ ನೀರು ಬೀಳುವ ನೆಲಕ್ಕೆ 20 ಮೈಕ್ರಾನಿಗಿಂತ ಹೆಚ್ಚಿನ ಒರಟು ಬೇಕು. ಅದು ತಲೆಕೂದಲಿನ ದಪ್ಪಕ್ಕಿಂತಲೂ ಸಣ್ಣದು. ಜಾರುವ ನೆಲಕ್ಕೂ ಜಾರದ ನೆಲಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣಿಸುವುದೇ ಇಲ್ಲ. ಫೋಟೋದಲ್ಲಂತೂ ಬಿಡಿ.

ಜಾರಿಕೆ ಅಳೆಯೋಕೆ ಇಲ್ಲಿ ಲೋಲಕದ ಪರೀಕ್ಷೆ ಇದೆ. ತೂಗುವ ಒಂದು ತೋಳು, ತುದಿಗೆ ರಬ್ಬರ್ ತುಂಡು. ಒದ್ದೆ ನೆಲವನ್ನು ಸವರಿಕೊಂಡು ಆಚೆ ಬದಿಗೆ ಏಳುತ್ತದೆ. ನೆಲ ಹಿಡಿದಷ್ಟೂ ತೋಳು ಏಳುವ ಎತ್ತರ ಕಡಿಮೆ. ಅಂಕ 24ರವರೆಗೆ ಬಂದರೆ ಜಾರುವ ಅಪಾಯ ಹೆಚ್ಚು, 25ರಿಂದ 35 ಮಧ್ಯಮ, 36 ದಾಟಿದರೆ ಕಡಿಮೆ. ಚಪ್ಪಲಿ ಕಾಲಿಗೆ ಒಂದು ಬಗೆಯ ರಬ್ಬರು, ಬರಿಗಾಲಿಗೆ ಬೇರೆ. ಬಣ್ಣ ಕೊಳ್ಳುವಾಗ ‘ಒದ್ದೆ ನೆಲದ ಮೇಲೆ ಅಂಕ ಎಷ್ಟು?’ ಅಂತ ಕೇಳಬೇಕು. ಒಳ್ಳೆ ಕಂಪನಿಯ ಮಾಹಿತಿ ಹಾಳೆಯಲ್ಲಿ ಅದಿರುತ್ತದೆ. ಇಲ್ಲದಿದ್ದರೆ ಆ್ಯಂಟಿ-ಸ್ಲಿಪ್ ಅನ್ನೋದು ಬರೀ ಹೆಸರು.

ಬೆಂಗಳೂರಿನಲ್ಲಿ ಬಚ್ಚಲಿಗೆ ಟೈಲ್ಸ್ ಕೊಳ್ಳುವವರು ಇನ್ನೊಂದು ಲೆಕ್ಕ ಕೇಳಿರುತ್ತೀರಿ: ಆರ್9, ಆರ್10, ಆರ್11. ಆರ್9 ಅಂದರೆ ಹತ್ತಕ್ಕೆ ಒಂಬತ್ತು ಅಂಕ ಅಂತ ನಾನು ತುಂಬಾ ದಿನ ನಂಬಿದ್ದೆ. ಆ ಪಟ್ಟಿ ಶುರುವಾಗುವುದೇ 9ರಿಂದ, ಮುಗಿಯುವುದು 13ಕ್ಕೆ. ಆರ್9 ಅಂದರೆ ಕೊನೆಯ ಬೆಂಚು. ಸಾಲದ್ದಕ್ಕೆ ಆ ಪರೀಕ್ಷೆ ಮಾಡೋದು ಎಣ್ಣೆ ಹಾಕಿದ ಇಳಿಜಾರಿನ ಮೇಲೆ, ಬೂಟು ಹಾಕಿಕೊಂಡು. ಕಾರ್ಖಾನೆಯ ನೆಲಕ್ಕೆ ಸರಿ. ಬರಿಗಾಲಿಗೆ ಎ, ಬಿ, ಸಿ ಅಂತ ಬೇರೆಯದೇ ಪರೀಕ್ಷೆ ಇದೆ, ಅದರಲ್ಲಿ ಸಿ ಎಲ್ಲಕ್ಕಿಂತ ಗಟ್ಟಿ.

ಇಷ್ಟೆಲ್ಲ ಓದಿದ ಮೇಲೂ ನಾನು ಮುಖ್ಯವಾದದ್ದನ್ನೇ ಬಿಟ್ಟಿದ್ದೆ. ಅದನ್ನು ಹೇಳಿದ್ದು ಅಮ್ಮ. ಒಂದು ಭಾನುವಾರ ವಿಡಿಯೋ ಕಾಲ್‌ನಲ್ಲಿ ಹಿತ್ತಿಲು ತೋರಿಸುತ್ತಿದ್ದೆ. ‘ಹಲಗೆ ಯಾಕೋ ಹಸಿರಿದೆಯಲ್ಲೋ, ಹಾವಸೆ ಕಟ್ಟಿದೆ’ ಅಂದಳು. ‘ಅದನ್ನ ಉಜ್ಜಿ ತೆಗೀದೆ ಬಣ್ಣ ಏನ್ ಬಳೀತೀಯ ಮಾರಾಯ?’

ಆಫೀಸಿನಲ್ಲಿ ಜೂನಿಯರ್‌ಗಳಿಗೆ ದಿನಾ ಹೇಳುವ ಮಾತು ಅದು. ತಪ್ಪು ಡೇಟಾಬೇಸಿನಲ್ಲಿದ್ದರೆ ಬಟನ್ನಿನ ಬಣ್ಣ ಬದಲಿಸಿ ಪ್ರಯೋಜನ ಇಲ್ಲ. ಜಾರಿದ್ದು ಮರ ಅಲ್ಲ, ಮರದ ಮೇಲೆ ಬೆಳೆದ ಪಾಚಿ. ನಮ್ಮ ಹಿತ್ತಿಲು ಉತ್ತರಕ್ಕೆ ಮುಖ ಮಾಡಿದೆ. ಡಿಸೆಂಬರಿನಲ್ಲಿ ಮಧ್ಯಾಹ್ನ 12 ಗಂಟೆಗೂ ಇಲ್ಲಿ ಸೂರ್ಯ ದಿಗಂತದಿಂದ ಬರೀ 15 ಡಿಗ್ರಿ ಮೇಲಿರುತ್ತಾನೆ. ಮನೆಯ ನೆರಳು ಹಲಗೆಯನ್ನು ದಾಟಿ ಹುಲ್ಲಿಗೆ ಬೀಳುತ್ತದೆ. ಒಣಗೋದೇ ಇಲ್ಲ. ಹಲಗೆಯಲ್ಲಿ ಉದ್ದಕ್ಕೆ ಗೀರು ಹಾಕಿರುತ್ತಾರಲ್ಲ, ಅದು ಹಿಡಿತಕ್ಕೆ ಅಂದುಕೊಂಡಿದ್ದೆ. ಗೀರಿಗೆ ಅಡ್ಡ ನಡೆದರೆ ಒಂಚೂರು ಹಿಡಿಯುತ್ತದೆ, ಉದ್ದಕ್ಕೆ ನಡೆದರೆ ಹೆಚ್ಚೇನೂ ಇಲ್ಲ. ಮೇಲಾಗಿ ಕಸ, ಎಲೆಪುಡಿ, ನೀರು ನಿಲ್ಲೋದು ಅಲ್ಲೇ. ಪಾಚಿಗೆ ಪಾತಿ ಮಾಡಿಕೊಟ್ಟ ಹಾಗೆ.

ಮಾರ್ಚಿನಲ್ಲಿ ಉಜ್ಜಲು ಕೂತೆ. ನೀರಿನ ಪ್ರೆಶರ್ ಗನ್ನು ಬಾಡಿಗೆಗೆ ತರೋಣ ಅಂತಿದ್ದೆ, ಬಿಟ್ಟೆ. ಮೆದು ಮರಕ್ಕೆ ಹತ್ತಿರದಿಂದ ಜೋರಾಗಿ ಬಿಟ್ಟರೆ ನಾರು ಎದ್ದು ಬರುತ್ತದೆ, ಆ ಸಂದಿಯಲ್ಲಿ ಮತ್ತೆ ಪಾಚಿ. ಕಬ್ಬಿಣದ ತಂತಿ ಬ್ರಷ್ಷೂ ಬೇಡ, ಅದರ ಚೂರು ಮರದಲ್ಲಿ ಉಳಿದು ತುಕ್ಕಿನ ಕಲೆಯಾಗುತ್ತದೆ. ಗಟ್ಟಿ ನೈಲಾನ್ ಬ್ರಷ್ಷು, ಪಾಚಿ ಕೊಲ್ಲುವ ದ್ರಾವಣ, ಎರಡು ವೀಕೆಂಡು. ಗೀರು ಗೀರಿಗೂ ಬ್ರಷ್ಷು ಹಾಕಿ ಮೊಣಕಾಲು ಕಿತ್ತುಬಂತು.

ಮರಳು ಕಾಗದ ಹಾಕುವ ಮುಂಚೆ ಮನೆ ಮಾಲೀಕರಿಗೆ ಮೆಸೇಜು ಮಾಡಿ ಡೆಕ್ಕು ಯಾವ ವರ್ಷದ್ದು ಅಂತ ಕೇಳಿದೆ. ಹಿಂದೆ ಮರ ಕೊಳೆಯದಿರಲಿ ಅಂತ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಔಷಧಿ ಕುಡಿಸುತ್ತಿದ್ದರು. ಮನೆಬಳಕೆಗೆ ಅದನ್ನು ಯುರೋಪಿನಲ್ಲಿ ನಿಲ್ಲಿಸಿದ್ದು 2004ರಲ್ಲಿ. ಅದಕ್ಕಿಂತ ಹಳೇ ಹಲಗೆ ಉಜ್ಜಿ ಧೂಳು ಕುಡಿಯೋದು ಬೇಡ. ನಮ್ಮದು ಹತ್ತು ವರ್ಷದ್ದಂತೆ. ‘ಬಣ್ಣ ಹಚ್ಚಿಕೊಳ್ಳಿ, ಖರ್ಚು ನಿಮ್ಮದು’ ಅಂತಲೂ ಉತ್ತರದಲ್ಲಿ ಇತ್ತು.

ಆಮೇಲೆ ಪರೀಕ್ಷೆ. ಶೆಡ್ಡಿನ ಹಿಂದೆ ಅದೇ ಡೆಕ್ಕಿನ ಹಳೇ ಹಲಗೆ ಒಂದು ಬಿದ್ದಿತ್ತು. ಐದು ತುಂಡು ಮಾಡಿದೆ. ಒಂದರ ಪಾಚಿ ಹಾಗೇ ಬಿಟ್ಟೆ. ಒಂದನ್ನು ಬರೀ ಉಜ್ಜಿದೆ. ಉಳಿದ ಮೂರನ್ನು ಉಜ್ಜಿ ಒಂದಕ್ಕೆ ಮಾಮೂಲಿ ಡೆಕ್ಕಿಂಗ್ ಬಣ್ಣ, ಒಂದಕ್ಕೆ ಸಣ್ಣ ಹರಳಿನದು, ಒಂದಕ್ಕೆ ದಪ್ಪ ಹರಳಿನದು. ಎಲ್ಲದಕ್ಕೂ ನೀರು ಸುರಿದು, ನನ್ನ ಹಳೇ ಶೂನಲ್ಲಿ ಎರಡು ಕೆಜಿ ಸೋನಾ ಮಸೂರಿ ಇಟ್ಟು, ಹಲಗೆಯ ಒಂದು ತುದಿ ಮೆಲ್ಲಗೆ ಎತ್ತುತ್ತಾ ಹೋದೆ. ಲೋಲಕದ ಪರೀಕ್ಷೆಗೆ ಇದು ಸಮ ಅಲ್ಲ, ಗೊತ್ತು. ಆದರೆ ಯಾವುದು ಮೊದಲು ಜಾರಿತು ಅಂತ ನೋಡೋಕೆ ಸಾಕು.

ಪಾಚಿಯದು ಎಲ್ಲಕ್ಕಿಂತ ಮೊದಲು, ಎತ್ತಿದ ಕೂಡಲೇ ಜಾರಿತು. ಎರಡನೆಯದು ಯಾವುದು ಅಂತೀರಿ? ಹರಳಿಲ್ಲದ ಬಣ್ಣದ್ದು. ಏನೂ ಹಚ್ಚದ, ಬರೀ ಉಜ್ಜಿದ ಹಲಗೆ ಅದಕ್ಕಿಂತ ಚೆನ್ನಾಗಿ ಹಿಡಿಯಿತು. ಅಂದರೆ ನವೆಂಬರಿನಲ್ಲೇ ಚಂದದ ಬೂದು ಬಣ್ಣ ತಂದು ಬಳಿದಿದ್ದರೆ, ದುಡ್ಡು ಕೊಟ್ಟು ನೆಲವನ್ನು ಇನ್ನಷ್ಟು ಜಾರುವ ಹಾಗೆ ಮಾಡುತ್ತಿದ್ದೆ. ಎರಡನೇ ಸಲ.

ಹರಳಿನವು ಎರಡೂ ಗಟ್ಟಿಯಾಗಿ ಹಿಡಿದವು. ದಪ್ಪ ಹರಳಿನದು ಇನ್ನೂ ಜಾಸ್ತಿ. ಅದೇ ಇರಲಿ ಅಂತ ಖುಷಿಯಲ್ಲಿದ್ದಾಗ ಹೆಂಡತಿ ಚಪ್ಪಲಿ ಬಿಟ್ಟು ಅದರ ಮೇಲೆ ನಿಂತಳು. ‘ಅತ್ತೆ ಮನೆಯಲ್ಲಿ ಯಾವತ್ತಾದ್ರೂ ಚಪ್ಪಲಿ ಹಾಕಿದ್ದು ನೋಡಿದ್ದೀಯಾ? ಇದರ ಮೇಲೆ ಒಂದು ದಿನ ನಿಂತರೆ ಮಾರನೇ ದಿನ ಬಾಗಿಲಾಚೆ ಬರಲ್ಲ.’ ನಾನೂ ನಿಂತೆ. ರುಬ್ಬುವ ಕಲ್ಲಿನ ಮೇಲೆ ನಿಂತ ಹಾಗಿತ್ತು. ಹಿಡಿತದ ಲೆಕ್ಕ ಹಾಕುತ್ತಾ ನಾನು ಶೂ ನೋಡಿದ್ದೆ, ಪಾದ ನೋಡಿರಲಿಲ್ಲ. ಸಣ್ಣ ಹರಳಿನದನ್ನೇ ಆರಿಸಿದೆವು. ಒರಟು ಹೆಚ್ಚಾದಷ್ಟೂ ಕೊಳೆ ಹಿಡಿಯುವುದೂ ಹೆಚ್ಚು, ತೊಳೆಯುವುದೂ ಕಷ್ಟ. ಅದೂ ಒಂದು ಕಾರಣ.

ಅದರಲ್ಲೂ ದಪ್ಪ ಪದರ ಕಟ್ಟುವ ಪೇಂಟ್ ಬೇಡ ಅಂತ, ಮರದೊಳಗೆ ಇಳಿಯುವ ನೀರಿನ ಸ್ಟೇನ್ ತಗೊಂಡೆ. ಮಲಗಿಸಿದ ಹಲಗೆಯ ಮೇಲೆ ನೀರು ನಿಲ್ಲುತ್ತದೆ, ಮರ ಉಬ್ಬುತ್ತದೆ, ಕುಗ್ಗುತ್ತದೆ. ಅಡಿಯಿಂದ ನುಗ್ಗಿದ ತೇವ ಮೇಲಿನ ದಪ್ಪ ಪದರವನ್ನು ಹಪ್ಪಳದ ಹಾಗೆ ಎಬ್ಬಿಸುತ್ತದೆ. ಹಪ್ಪಳ ಏಳುವಾಗ ಹರಳೂ ಜೊತೆಗೇ ಹೋಗುತ್ತದೆ.

ಏಪ್ರಿಲ್ ಕೊನೆಯಲ್ಲಿ ನಾಲ್ಕು ದಿನ ಮಳೆ ಇಲ್ಲ ಅಂತ ಮುನ್ಸೂಚನೆ ಬಂತು. ಎರಡು ದಿನ ಒಣಗಲು ಬಿಟ್ಟು ಮೂರನೇ ದಿನ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಿದೆ. ಮೊದಲ ಸುತ್ತಿನಲ್ಲೇ ಎಡವಟ್ಟಾಯಿತು. ಅರ್ಧ ಡೆಕ್ಕು ಮುಗಿಸಿ ಕೈ ಸವರಿ ನೋಡಿದರೆ ಬಾಗಿಲ ಹತ್ತಿರದ ಹಲಗೆಗಳು ನುಣ್ಣಗಿವೆ. ಡಬ್ಬದ ತಳದಲ್ಲಿ ಮರಳಿನ ರಾಶಿ. ಕಲಕದೆ ಬಡಿಸಿದ ಸಾರಿನ ಕಥೆ, ಮೊದಲ ಪಂಕ್ತಿಗೆ ತಿಳಿ, ಕೊನೆಯ ಪಂಕ್ತಿಗೆ ಬೇಳೆ. ಅಮ್ಮ ಮೊದಲ ಹೆಜ್ಜೆ ಇಡುವ ಜಾಗಕ್ಕೇ ತಿಳಿ ಬಡಿಸಿದ್ದೆ. ಎರಡನೇ ಸುತ್ತನ್ನು ಬಾಗಿಲಿಂದಲೇ ಶುರು ಮಾಡಿದೆ, ನಾಲ್ಕು ಸಲ ಬ್ರಷ್ ಎಳೆದರೆ ಒಂದು ಸಲ ತಳದಿಂದ ಕಲಕುತ್ತಾ. ಮೆಟ್ಟಿಲ ಅಂಚಿಗೆ ಮಾತ್ರ ಬೇರೆ ಬಣ್ಣ, ತಿಳಿ ಹಳದಿ. ಅರವತ್ತು ದಾಟಿದ ಕಣ್ಣಿಗೆ ಸಂಜೆ ಹೊತ್ತು ಮೆಟ್ಟಿಲು ಎಲ್ಲಿ ಮುಗಿಯಿತು ಅಂತ ಕಾಣಿಸಬೇಕಲ್ಲ.

ಮೇ ಮಧ್ಯದಲ್ಲಿ ಅಮ್ಮ ಬಂದಳು. ಊರಿನಲ್ಲಿ ತೋಟ, ದನ ಬಿಟ್ಟು ಬರೋಕಾಗಲ್ಲ ಅಂತ ಅಪ್ಪ ಬರಲಿಲ್ಲ. ಮಾರನೇ ದಿನ ಬೆಳಿಗ್ಗೆ ಮಳೆ ಬಂದು ನಿಂತಿತ್ತು. ನಾನು ಹಿತ್ತಿಲ ಬಾಗಿಲು ತೆಗೆದು, ದೊಡ್ಡ ಕೆಲಸ ಮುಗಿಸಿದವನ ಹಾಗೆ ಪಕ್ಕಕ್ಕೆ ಸರಿದು ನಿಂತೆ.

ಅಮ್ಮ ಎಡಗೈಯಲ್ಲಿ ಬಾಗಿಲ ಚೌಕಟ್ಟು ಹಿಡಿದಳು. ಬಲಗಾಲಿನ ಹೆಬ್ಬೆರಳನ್ನು ಮಾತ್ರ ಮುಂದೆ ಚಾಚಿ, ಬಿಸಿನೀರು ನೋಡುವ ಹಾಗೆ, ಹಲಗೆಯನ್ನು ಮುಟ್ಟಿದಳು. ಸ್ವಲ್ಪ ಒತ್ತಿದಳು. ಆಮೇಲೆ ಇಡೀ ಪಾದ. ಆಮೇಲೂ ಚೌಕಟ್ಟು ಬಿಡಲಿಲ್ಲ.

ಇದನ್ನು ನಾನು ನೋಡಿರಲಿಲ್ಲ. ಎರಡು ವರ್ಷದಿಂದ ವಾರಕ್ಕೆ ಮೂರು ಸಲ ವಿಡಿಯೋ ಕಾಲ್ ಮಾಡಿದ್ದೇನೆ. ಅಮ್ಮನ ಮುಖ ನೋಡಿದ್ದೇನೆ, ಕೈ ಹೇಗಿದೆ ಅಂತ ಕೇಳಿದ್ದೇನೆ, ‘ಎಲ್ಲ ಸರಿಯಾಗಿದೆ’ ಅಂತ ಅವಳು ಮಣಿಕಟ್ಟು ತಿರುಗಿಸಿ ತೋರಿಸಿದ್ದಾಳೆ. ಕಾಲನ್ನು ಫೋನು ತೋರಿಸಲಿಲ್ಲ. ಮೂಳೆ ಕೂಡಿದ ಮೇಲೂ ಅವಳು ಪ್ರತಿಯೊಂದು ನೆಲವನ್ನೂ ಹೀಗೆ ಕೇಳಿ ಕೇಳಿ ಕಾಲಿಡುತ್ತಿದ್ದಾಳೆ ಅಂತ ನನಗೆ ಯಾರೂ ಹೇಳಿರಲಿಲ್ಲ.

‘ಒರಟಿದೆ’ ಅಂದಳು. ಅಷ್ಟೇ.

ನಾಲ್ಕೈದು ದಿನ ಚೌಕಟ್ಟು ಹಿಡಿದೇ ಇಳಿದಳು. ಒಂದು ದಿನ ಎರಡು ಕೈಯಲ್ಲೂ ಬಟ್ಟೆ ಬಕೆಟ್ಟು ಹಿಡಿದು ಒದ್ದೆ ಹಲಗೆ ದಾಟಿ ಮೆಟ್ಟಿಲಿಳಿದು ಹೋಗಿದ್ದನ್ನು ಮೀಟಿಂಗಿನ ಮಧ್ಯೆ ಕಿಟಕಿಯಿಂದ ನೋಡಿದೆ. ಮ್ಯೂಟ್‌ನಲ್ಲಿದ್ದೆ, ಸದ್ಯ. ‘ಹಪ್ಪಳ ಹಾಕೋಕೆ ಮಾತ್ರ ಬರಲ್ಲ ನಿನ್ನ ಜಗಲಿ’ ಅಂತ ಒಂದು ತಕರಾರು ಈಗಲೂ ಇದೆ.

ಕಳೆದ ವಾರ ಬೀನ್ಸ್ ಸೋಸುತ್ತಾ ಕೇಳಿದಳು: ‘ಈ ಬಣ್ಣ ನಮ್ಮನೆ ಅಂಗಳಕ್ಕೂ ಬಳೀಬಹುದೇನೋ?’

ಎರಡು ವರ್ಷದಲ್ಲಿ ಮೊದಲ ಸಲ ಟೈಲ್ಸಿನ ಮಾತು ಬಂದಿತ್ತು. ಆಗಲ್ಲ ಅಂದೆ. ಮರ ಬಣ್ಣ ಕುಡಿಯುತ್ತದೆ, ಗಾಜಿನಂಥ ಟೈಲ್ಸ್ ಕುಡಿಯೋದಿಲ್ಲ, ನಮ್ಮ ಮಳೆಗೆ ಒಂದೇ ವರ್ಷದಲ್ಲಿ ಎದ್ದು ಹೋಗುತ್ತದೆ. ಆಮೇಲೆ ಹೇಳಬೇಕಾದ್ದನ್ನೂ ಹೇಳಿದೆ. ‘ಅದನ್ನ ಆರಿಸಿದ್ದು ನನ್ನ ತಪ್ಪು ಅಮ್ಮ. ಹೊಳಪು ನೋಡಿ ಆರಿಸಿದೆ.’

ಅಮ್ಮ ಬೀನ್ಸಿನಿಂದ ಕಣ್ಣೆತ್ತಲಿಲ್ಲ. ‘ನಿಮ್ಮಪ್ಪ ಹೋದ ವರ್ಷದಿಂದ ಅದರ ಮೇಲೆ ಸೋಗೆ ಹೊದಿಸ್ತಿದಾರೆ. ನಿಂಗೆ ಹೇಳ್ಬೇಡ ಅಂದಿದ್ರು, ಬೇಜಾರ್ ಮಾಡ್ಕೋತಾನೆ ಅಂತ.’

ಅವತ್ತೇ ಅಪ್ಪನಿಗೆ ಫೋನು ಮಾಡಿದೆ. ದೀಪಾವಳಿ ಆದ ಮೇಲೆ ಅಡುಗೆಮನೆ ಬಾಗಿಲಿಂದ ತುಳಸಿಕಟ್ಟೆವರೆಗೆ, ಅಲ್ಲಿಂದ ಬಾವಿಯವರೆಗೆ ಟೈಲ್ಸ್ ಕಿತ್ತು ಹಳೇ ಒರಟು ಚಪ್ಪಡಿಯನ್ನೇ ಕೂರಿಸುವುದು ಅಂತ ಮಾತಾಯಿತು. ಚಪ್ಪಡಿಗಳು ಕೊಟ್ಟಿಗೆ ಹಿಂದೆ ಇನ್ನೂ ಇವೆಯಂತೆ. ಅಪ್ಪ ಬಿಸಾಡಿರಲಿಲ್ಲ.

ನನ್ನ ಡೆಕ್ಕಿನ ಕೆಲಸವೂ ಮುಗಿದಿಲ್ಲ. ಓಡಾಡುವ ಸಾಲಿನಲ್ಲಿ ಹರಳು ಮೊದಲು ಸವೆಯುತ್ತದೆ, ಒಂದೆರಡು ವರ್ಷಕ್ಕೆ ಮತ್ತೆ ಹಚ್ಚಬೇಕು. ಅಕ್ಟೋಬರ್ ಬಂದರೆ ಎಲೆ ಗುಡಿಸಬೇಕು, ಹಸಿರು ಕಂಡ ಕೂಡಲೇ ಉಜ್ಜಬೇಕು. ಹಾವಸೆಗೆ ಯಾವ ಡಬ್ಬದ ಮೇಲಿನ ಅಕ್ಷರವೂ ಓದೋಕೆ ಬರಲ್ಲ.

ನೀವು ಇದನ್ನು ಫೋನಿನಲ್ಲಿ ಓದುತ್ತಿದ್ದೀರಿ, ಬಹುಶಃ ಊರಿಂದ ದೂರದಲ್ಲಿ ಕೂತು. ಮುಂದಿನ ಸಲ ಮನೆಗೆ ಹೋದಾಗ ಒಂದು ಕೆಲಸ ಮಾಡಿ. ಬಚ್ಚಲಿಗೋ ಅಂಗಳಕ್ಕೋ ಒಂದು ಚೊಂಬು ನೀರು ಸುರಿದು, ಚಪ್ಪಲಿ ಬಿಟ್ಟು, ಯಾವುದನ್ನಾದರೂ ಹಿಡಿದುಕೊಂಡು ನೀವೇ ಒಂದು ಹೆಜ್ಜೆ ಇಟ್ಟು ನೋಡಿ. ಆಮೇಲೆ ನಿಮ್ಮ ಅಮ್ಮ ಅದೇ ಜಾಗದಲ್ಲಿ ಹೇಗೆ ಕಾಲಿಡುತ್ತಾರೆ ಅಂತ ಪಕ್ಕದಲ್ಲಿ ನಿಂತು ನೋಡಿ.